ದೇವಯ್ಯನವರ ಪ್ರತಿಮೆ ವೃತ್ತದಲ್ಲೇ ಇರಲಿ

ಮಡಿಕೇರಿಯ ವೃತ್ತಗಳಲ್ಲಿರುವ ಯೋಧರ ಪ್ರತಿಮೆಗಳನ್ನೆಲ್ಲ ಸನ್ನಿಸೈಡ್ ಮ್ಯೂಸಿಯಂಗೆ ಸಾಗಿಸಬೇಕು ಎಂಬ ಸಲಹೆಗೆ ನನ್ನ ಒಪ್ಪಿಗೆಯಿಲ್ಲ. 2023ರಲ್ಲಿ ಬಸ್ಸು ಗುದ್ದಿ ಜನರಲ್ ತಿಮ್ಮಯ್ಯನವರ ಪ್ರತಿಮೆ ಬಿದ್ದದ್ದು ನಿಜ. ಅದಕ್ಕೆ ವೃತ್ತವನ್ನು ಸರಿಪಡಿಸಿ, ಪ್ರತಿಮೆಯನ್ನು ಯಾಕೆ ಎತ್ತಿಡಬೇಕು?

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನೇ ನೋಡಿ. 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದವರು ಮಿಸ್ಟೇರ್ ವಿಮಾನದಲ್ಲಿದ್ದುಕೊಂಡೇ, ಅದಕ್ಕಿಂತ ಎಷ್ಟೋ ವೇಗದ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನವನ್ನು ಹೊಡೆದುರುಳಿಸಿದರು. ಮರಳಿ ಬರಲಿಲ್ಲ. ಆ ಕಾಳಗದ ವಿವರ ನಮಗೆ ಗೊತ್ತಾಗಲು ವರ್ಷಗಳೇ ಹಿಡಿದವು. ಮಹಾವೀರ ಚಕ್ರ ಬಂದದ್ದು 1988ರಲ್ಲಿ! ಅಷ್ಟು ಕಾಲ ಮರೆತಿದ್ದವರನ್ನು ಮತ್ತೆ ಕಣ್ಣಿಂದ ದೂರ ಇಡಬೇಕಾ? ಮ್ಯೂಸಿಯಂಗೆ ಬೇಕೆಂದೇ ಹೋಗಬೇಕು. ಊರಿನ ಮಕ್ಕಳು ದಿನಾ ಹಾದುಹೋಗುವುದು ವೃತ್ತವನ್ನೇ ಅಲ್ವಾ? ಈ ಕಥೆಯನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಅಲ್ಲೇ ಬರೆಸಲಿ.