ಮೊದಲು ಅಂಗಡಿಯಲ್ಲಿ ಕೂರಿ, ಆಮೇಲೆ ಕೋಡ್ ಬರೆಯಿರಿ

ನಾನು ಪಾಠ ಮಾಡುವ ಬಿಸಿಎ (ಕಂಪ್ಯೂಟರ್ ಡಿಗ್ರಿ) ಕೊನೆ ಸೆಮಿಸ್ಟರ್ ಮಕ್ಕಳ ಪ್ರಾಜೆಕ್ಟ್ ಪಟ್ಟಿ ಮೊನ್ನೆ ನನ್ನ ಟೇಬಲ್ಲಿಗೆ ಬಂತು. ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಆನ್‌ಲೈನ್ ಶಾಪಿಂಗ್, ಮತ್ತೆ ಇನ್ನೊಂದು ಲೈಬ್ರರಿ. ನಾನು ಓದುವಾಗಲೂ ಇದೇ ಪಟ್ಟಿ ಇತ್ತು. ಈ ನಡುವೆ 2016ರಲ್ಲಿ ಯುಪಿಐ ಬಂತು, 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಎಳನೀರು ಮಾರುವವರ ಗಾಡಿಗೂ ಕ್ಯೂಆರ್ ಸ್ಟಿಕ್ಕರ್ ಅಂಟಿತು. ನಮ್ಮ ಪಟ್ಟಿ ಮಾತ್ರ ಒಂದಿಂಚೂ ಅಲುಗಿಲ್ಲ.

ಇದರಲ್ಲಿ ಮಕ್ಕಳ ತಪ್ಪು ಕಡಿಮೆ. ನಾವು ಕಲಿಸಿದ ರೀತಿಯೇ ಹಾಗಿದೆ. ನಾನು ಎಂಸಿಎ ಓದುವಾಗ ಕೊನೆ ವರ್ಷ ನಾವು ನಾಲ್ಕು ಜನ ದುಡ್ಡು ಸೇರಿಸಿ ಒಂದು ಪ್ರಾಜೆಕ್ಟ್ ಸೆಂಟರ್‌ನಿಂದ ರೆಡಿಮೇಡ್ ಪ್ರಾಜೆಕ್ಟಿನ ಸಿಡಿ ತಂದಿದ್ದೆವು. ರಿಪೋರ್ಟ್ ಕೂಡ ಬೈಂಡ್ ಆಗಿಯೇ ಬಂತು, ನಮ್ಮ ಹೆಸರು ಸಮೇತ. ವೈವಾಗೆ, ಅಂದರೆ ಬಾಯಿಪರೀಕ್ಷೆಗೆ, ಹೊರಗಿನ ಕಾಲೇಜಿನಿಂದ ಬಂದಿದ್ದ ಎಕ್ಸ್‌ಟರ್ನಲ್ ಮೇಡಂ ಕೋಡ್ ಬಗ್ಗೆ ಏನೂ ಕೇಳಲಿಲ್ಲ. "ಇದನ್ನ ಯಾರು ಬಳಸ್ತಾರೆ?" ಅಂತ ಮಾತ್ರ ಕೇಳಿದರು. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆಗಿದೆ.

ಅದಕ್ಕೇ ಎರಡು ವರ್ಷದ ಹಿಂದೆ ಒಂದು ಟೀಮಿಗೆ ಹಟ ಹಿಡಿದು ಹೇಳಿದೆ, ಊರಿನ ಯಾವುದಾದರೂ ಒಂದು ಅಂಗಡಿ ಹಿಡಿಯಿರಿ, ಅವರ ಒಂದು ತೊಂದರೆ ಹಿಡಿಯಿರಿ, ಎರಡು ವಾರ ಲ್ಯಾಪ್‌ಟಾಪ್ ತೆಗೆಯಬೇಡಿ ಅಂತ. ಮೂರು ಹುಡುಗಿಯರು, ಒಬ್ಬ ಹುಡುಗ. ಅವರಿಗೆ ಸಿಕ್ಕಿದ್ದು ಬಸ್ ಸ್ಟ್ಯಾಂಡ್ ಹಿಂದಿನ ಶಾಮಿಯಾನ ಅಂಗಡಿ. ಕುರ್ಚಿ, ಟೇಬಲ್, ಅಡುಗೆ ಪಾತ್ರೆ, ಜಮಖಾನ ಎಲ್ಲ ಬಾಡಿಗೆಗೆ ಕೊಡುವವರು. ಅಂಗಡಿಯವರು ಮೊದಲ ದಿನ ಹೇಳಿದ್ದು ಇಷ್ಟೇ: "ನಮಗೊಂದು ವೆಬ್‌ಸೈಟ್ ಮಾಡ್ಕೊಡ್ರಮ್ಮ, ಸಾಕು." ಮಕ್ಕಳಿಗೆ ಖುಷಿ. ವೆಬ್‌ಸೈಟ್ ತಾನೇ, ಒಂದು ವಾರದ ಕೆಲಸ.

ನಾನು ಬೇಡ ಅಂದೆ. ಸುಮ್ನೆ ಹೋಗಿ ಕೂರಿ ಅಂದೆ.

ಕೂತ ಮೇಲೆ ಗೊತ್ತಾಗಿದ್ದೇ ಬೇರೆ. ಆ ಅಂಗಡಿಗೆ ಗಿರಾಕಿಗಳ ಕೊರತೆ ಇರಲೇ ಇಲ್ಲ. ವೈಶಾಖದಲ್ಲಿ ಒಂದೊಂದು ಮುಹೂರ್ತಕ್ಕೆ ಊರಲ್ಲಿ ಏಳೆಂಟು ಮದುವೆ. ಹೋದ ಸಾಮಾನು ಎಲ್ಲಿದೆ, ಯಾವಾಗ ಬರುತ್ತೆ, ಪೂರ್ತಿ ಬಂತಾ ಅನ್ನೋದೇ ಅವರ ತಲೆನೋವು. ಒಂದು ಮದುವೆಯಿಂದ ಟೆಂಪೋ ವಾಪಸ್ ಬಂದಾಗ ಮಕ್ಕಳು ಅಲ್ಲೇ ಇದ್ದರು. ಸಂಜೆಗತ್ತಲು, ಸಾಂಬಾರು ಮೆತ್ತಿದ ಕೊಪ್ಪರಿಗೆಗಳು, ಒಂದರೊಳಗೆ ಒಂದು ತುರುಕಿದ ಬಕೆಟ್ಟುಗಳು. ಕೆಲಸದ ಹುಡುಗ ಎಣಿಸಿ ಕೂಗುತ್ತಿದ್ದ. ಒಳಗಿನಿಂದ ಅಂಗಡಿಯವರ ಹೆಂಡತಿ ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತಿದ್ದರು. "ಸೌಟು ಹನ್ನೆರಡು ಹೋಗಿತ್ತು, ಒಂಬತ್ತು ಬಂದಿದೆ" ಅಂದರು, ಡೈರಿ ತೆರೆಯದೆ.

ಅಲ್ಲಿಯವರೆಗೂ ಮಕ್ಕಳು ಪ್ರಶ್ನೆ ಕೇಳಿದ್ದು ಗಲ್ಲಾ ಮುಂದೆ ಕೂತ ಯಜಮಾನರನ್ನ ಮಾತ್ರ. ಅವರ ಡೈರಿಯಲ್ಲಿ ಇದ್ದದ್ದು ಬುಕಿಂಗ್ ಮತ್ತು ಅಡ್ವಾನ್ಸ್. ವಾಪಸ್ ಬರುವ ಲೆಕ್ಕ ಪೂರ್ತಿ ಆ ಅಮ್ಮನ ತಲೆಯಲ್ಲಿತ್ತು. ಇದನ್ನ ಗಮನಿಸಿದ್ದು ಟೀಮಿನಲ್ಲಿ ಕೋಡಿಂಗ್‌ಗೆ ಹೆದರುತ್ತಿದ್ದ ಹುಡುಗಿ. ಅವಳ ಮನೆಯವರು ಹಾಲು ಹಾಕುವವರು, ಅವಳಮ್ಮನೂ ಹೀಗೇ ಬಾಯಿಲೆಕ್ಕ ಇಡುತ್ತಾರಂತೆ. "ಸರ್, ನಾವು ಮಾಡೋದನ್ನ ಬಳಸೋರು ಅಂಕಲ್ ಅಲ್ಲ, ಆಂಟಿ" ಅಂತ ಬಂದು ಹೇಳಿದಳು. ಮೂರು ವರ್ಷ ಪಾಠ ಮಾಡಿ ನಾನು ಕಲಿಸಲಾಗದ್ದನ್ನ ಅವಳು ಒಂದು ಸಂಜೆಯಲ್ಲಿ ಕಲಿತು ಬಂದಿದ್ದಳು. ಅವತ್ತು ನನಗೆ ಆದ ಸಂತೋಷ ಸಣ್ಣದಲ್ಲ.

ಆಮೇಲೆ ಡೇಟಾಬೇಸ್, ಅಂದರೆ ಲೆಕ್ಕವನ್ನ ಕಂಪ್ಯೂಟರ್‌ನಲ್ಲಿ ಪಟ್ಟಿಗಳಾಗಿ ಜೋಡಿಸುವ ಕೆಲಸ, ಶುರುವಾಯಿತು. ಮೊದಲ ಟೇಬಲ್‌ನಲ್ಲಿ ಬುಕಿಂಗ್‌ಗೆ ಒಂದೇ ತಾರೀಖಿನ ಕಾಲಂ ಇಟ್ಟಿದ್ದರು. ಯಜಮಾನರಿಗೆ ತೋರಿಸಿದಾಗ ಅವರು ಕೇಳಿದರು: "ಅಲ್ಲಮ್ಮಾ, ಶನಿವಾರದ ಮದುವೆ ಸಾಮಾನು ಶುಕ್ರವಾರ ಸಂಜೆಗೇ ಹೋಗುತ್ತೆ. ಭಾನುವಾರ ಮಧ್ಯಾಹ್ನ ಬರುತ್ತೆ. ತೊಳೆದು ಒಣಗಿಸೋಕೆ ಅರ್ಧ ದಿನ. ಇದರಲ್ಲಿ ಅದೆಲ್ಲಿದೆ?" ಎಲ್ಲೂ ಇರಲಿಲ್ಲ. ಅಂಗಡಿಯಲ್ಲಿ 600 ಕುರ್ಚಿ ಅಂದುಕೊಳ್ಳಿ. ಶನಿವಾರಕ್ಕೆ ಒಬ್ಬರಿಗೆ 350, ಭಾನುವಾರ ಬೆಳಿಗ್ಗೆಗೆ ಇನ್ನೊಬ್ಬರಿಗೆ 400. ತಾರೀಖು ಬೇರೆ ಬೇರೆ ಇರೋದರಿಂದ ಕಂಪ್ಯೂಟರ್ ಎರಡಕ್ಕೂ ಸರಿ ಅನ್ನುತ್ತೆ, ಭಾನುವಾರ ಬೆಳಿಗ್ಗೆ ಯಾರದೋ ಮನೆ ಮುಂದೆ 150 ಜನ ನಿಂತಿರುತ್ತಾರೆ. ಹೋಗುವ ಹೊತ್ತು, ಬರುವ ಹೊತ್ತು, ತೊಳೆಯುವ ಹೊತ್ತು ಮೂರನ್ನೂ ಇಟ್ಟು, ಎರಡು ಬುಕಿಂಗ್ ಒಂದರ ಮೇಲೊಂದು ಬೀಳುತ್ತವಾ ಅಂತ ನೋಡೋ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ, ಬರೆಯೋಕೆ ಆ ಹುಡುಗನಿಗೆ ನಾಲ್ಕು ದಿನ ಹಿಡಿಯಿತು. ಆ ಕ್ವೆರಿ ಅವನು ಇನ್ನು ಜನ್ಮದಲ್ಲಿ ಮರೆಯಲ್ಲ. ಯಾಕೆಂದರೆ ಅದರ ಹಿಂದೆ ಅವನಿಗೆ ಕುರ್ಚಿ ಇಲ್ಲದ ಮದುವೆ ಮನೆ ಕಾಣಿಸುತ್ತೆ.

ಅಡ್ವಾನ್ಸ್ ಕಥೆ ಇನ್ನೊಂದು. ಬುಕ್ ಮಾಡಿದ್ದು ಹುಡುಗಿಯ ಅಪ್ಪ, ಫೋನ್‌ಪೇ ಮಾಡಿದ್ದು ಬೆಂಗಳೂರಲ್ಲಿರುವ ಸೋದರಮಾವ. ಮೆಸೇಜಲ್ಲಿ ಬರೋದು ಮಾವನ ಹೆಸರು. ಸೀಸನ್‌ನಲ್ಲಿ ಇಂಥವು ಹತ್ತಾರು ಬರುತ್ತವೆ, ಯಾರ ಅಡ್ವಾನ್ಸ್ ಯಾವುದು ಅಂತ ಹುಡುಕೋದೇ ರಾತ್ರಿಯ ಕೆಲಸ. ಮಕ್ಕಳು ಇದಕ್ಕೆ ದೊಡ್ಡ ತಂತ್ರಜ್ಞಾನ ಏನೂ ತರಲಿಲ್ಲ. ಪ್ರತಿ ಬುಕಿಂಗ್‌ಗೆ ಒಂದು ಸಣ್ಣ ನಂಬರ್ ಕೊಟ್ಟು, ದುಡ್ಡು ಹಾಕುವಾಗ ನೋಟ್‌ನಲ್ಲಿ ಅದನ್ನ ಬರೆಯಿರಿ ಅಂತ ಗಿರಾಕಿಗೆ ವಾಟ್ಸಾಪ್ ಹೋಗುವಂತೆ ಮಾಡಿದರು. ಎಲ್ಲರೂ ಬರೆಯಲ್ಲ. ಬರೆದಷ್ಟು ಜನರ ಲೆಕ್ಕ ಹುಡುಕುವ ಕಷ್ಟ ತಪ್ಪಿತು.

ಕನ್ನಡದಲ್ಲಿ ಚೀಟಿ ಪ್ರಿಂಟ್ ಮಾಡೋಕೆ ಹೋದಾಗ ಸಣ್ಣ ಥರ್ಮಲ್ ಪ್ರಿಂಟರ್ ಬರೀ ಚೌಕಗಳನ್ನ ಉಗುಳಿತು, ಅದರೊಳಗೆ ಕನ್ನಡ ಫಾಂಟೇ ಇರಲಿಲ್ಲ. ಚೀಟಿಯನ್ನ ಚಿತ್ರವಾಗಿ ಮಾಡಿ ಕಳಿಸಿದರೆ ಬರುತ್ತೆ ಅಂತ ಅವರೇ ಕಂಡುಕೊಂಡರು. ಕೊಪ್ಪರಿಗೆ, ಜಾಲರಿ, ಸೌಟು ಅಂತ ಕನ್ನಡದಲ್ಲೇ ಬರಬೇಕಿತ್ತು. ಎಣಿಸುವ ಹುಡುಗ ಓದಬೇಕಲ್ವಾ.

ಟೀಮ್ ಅಂದರೆ ನಮ್ಮ ಕಾಲೇಜುಗಳಲ್ಲಿ ಏನಾಗುತ್ತೆ ಎಲ್ಲರಿಗೂ ಗೊತ್ತು. ಒಬ್ಬ ಕೋಡ್ ಮಾಡ್ತಾನೆ, ಒಬ್ಬರು ರಿಪೋರ್ಟ್ ಟೈಪ್ ಮಾಡ್ತಾರೆ, ಉಳಿದವರು ವೈವಾ ಹಿಂದಿನ ರಾತ್ರಿ ಉರು ಹೊಡೀತಾರೆ. ಇಲ್ಲೂ ಜಗಳ ಆಯಿತು. ಒಂದು ಹಂತದಲ್ಲಿ ಇಬ್ಬರು ಮಾತೇ ಬಿಟ್ಟರು, ಒಬ್ಬಳು ಬರೆದದ್ದರ ಮೇಲೆ ಇನ್ನೊಬ್ಬಳು ಹಳೇ ಫೈಲ್ ಪೆನ್‌ಡ್ರೈವ್‌ನಿಂದ ಹಾಕಿ ಮೂರು ದಿನದ ಕೆಲಸ ಅಳಿಸಿಹೋಗಿತ್ತು. ಅವತ್ತೇ ಗಿಟ್ ಕಲಿತರು, ಯಾರು ಏನು ಬದಲಿಸಿದರು ಅಂತ ದಾಖಲಿಸಿ ಹಳೇದನ್ನೂ ಉಳಿಸಿಡುವ ಸಾಫ್ಟ್‌ವೇರ್ ಅದು. ನಾನು ಕ್ಲಾಸಲ್ಲಿ ಸ್ಲೈಡ್ ಹಾಕಿ ಹೇಳಿದಾಗ ಒಬ್ಬರೂ ಕೇಳಿಸಿಕೊಂಡಿರಲಿಲ್ಲ. ಮಾತು ಬಿಟ್ಟವರನ್ನ ಮತ್ತೆ ಸೇರಿಸಿದ್ದೂ ಆ ಅಂಗಡಿಯೇ. ಆಂಟಿ ಕಾಯುತ್ತಿದ್ದಾರೆ ಅನ್ನೋ ಒತ್ತಡ ಇಂಟರ್ನಲ್ ಮಾರ್ಕ್ಸ್‌ಗಿಂತ ಜಾಸ್ತಿ ಕೆಲಸ ಮಾಡಿತು.

ವ್ಯಾಪಾರದ ಲೆಕ್ಕ ಇಡುವ ಸಾಫ್ಟ್‌ವೇರ್ ಟ್ಯಾಲಿ ಹುಟ್ಟಿದ್ದೂ ಹೀಗೇ. ಇವತ್ತು ಬೆಂಗಳೂರಿನ ದೊಡ್ಡ ಕಂಪನಿ. 1986ರಲ್ಲಿ ಶುರುವಾದಾಗ ಇದ್ದದ್ದು ಒಬ್ಬ ವ್ಯಾಪಾರಿ ಅಪ್ಪ, ಗಣಿತ ಓದಿದ ಮಗ. ಶ್ಯಾಮ್ ಸುಂದರ್ ಗೋಯೆಂಕಾ ಅವರದು ಗಿರಣಿಗಳಿಗೆ ಸಾಮಾನು ಪೂರೈಸುವ ವ್ಯಾಪಾರ, ಅದರ ಲೆಕ್ಕ ಇಡೋಕೆ ಒಪ್ಪುವಂಥ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್‌ಗೆ ಬರೆಯಲು ಹೇಳಿದರು. ನಮ್ಮ ತಾಲ್ಲೂಕಿನ ಗೊಬ್ಬರದ ಅಂಗಡಿಯಲ್ಲೂ ಇವತ್ತು ಟ್ಯಾಲಿ ಓಡುತ್ತಿದೆ. ಲೆಕ್ಕ ಬರೆಯುವವನ ಕಷ್ಟ ಕಣ್ಣೆದುರಿಗೆ ಇಟ್ಟುಕೊಂಡೇ ಅದು ಶುರುವಾಯಿತು ಅನ್ನೋದನ್ನ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ.

ಸಹೋದ್ಯೋಗಿಗಳು ಕೇಳುತ್ತಾರೆ, ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ ಅಂತ. ನಿಜವಾದ ಕಷ್ಟ ಅದು, ಒಪ್ಪುತ್ತೇನೆ. ನಮ್ಮ ಪ್ರಾಜೆಕ್ಟ್ ಸೆಮಿಸ್ಟರ್ ಮತ್ತು ಮದುವೆ ಸೀಸನ್ ಎರಡೂ ಒಂದೇ ಸಲ ಬರುತ್ತವೆ, ಅಂಗಡಿಯವರಿಗೆ ಮಾತಾಡೋಕೆ ಪುರುಸೊತ್ತಿರಲ್ಲ. ಅವರಿಗೆ ಬಿಡುವು ಆಷಾಢದಲ್ಲಿ. ಅದಕ್ಕೇ ನಾನು ಕೇಳೋದು, ಅಂಗಡಿ ಹುಡುಕುವ ಕೆಲಸ ಐದನೇ ಸೆಮಿಸ್ಟರ್‌ನಲ್ಲೇ ಶುರುವಾಗಲಿ. ವೈವಾಗೆ ಅಂಗಡಿಯವರನ್ನೂ ಕರೆಯಿರಿ, ಅವರ ಮುಂದೆ ಡೆಮೊ ಆಗಲಿ. ಬೈಂಡ್ ಮಾಡಿದ ರಿಪೋರ್ಟಿಗೆ ಕೊಡುವ ಮಾರ್ಕ್ಸ್‌ನಲ್ಲಿ ಅರ್ಧವನ್ನಾದರೂ, ಬಳಸುವವರ ಹತ್ತಿರ ಕೂತು ಬರೆದುಕೊಂಡ ನೋಟ್ಸಿಗೆ ಕೊಡಿ. ದುಡ್ಡಿಗೆ ಸಿಗುವ ಪ್ರಾಜೆಕ್ಟ್‌ನಲ್ಲಿ ಎಲ್ಲವೂ ಇರುತ್ತೆ, ಆ ನೋಟ್ಸ್ ಮಾತ್ರ ಇರಲ್ಲ.

ಆ ಮಕ್ಕಳು ಈಗ ಬೇರೆ ಬೇರೆ ಕಡೆ ಕೆಲಸದಲ್ಲಿದ್ದಾರೆ. ಅಂಗಡಿಯವರು ಡೈರಿ ಬಿಟ್ಟಿಲ್ಲ, ಡೈರಿಯೂ ನಡೆಯುತ್ತೆ, ಫೋನಲ್ಲಿ ಮಕ್ಕಳು ಮಾಡಿಕೊಟ್ಟದ್ದೂ ನಡೆಯುತ್ತೆ. ಹೋದ ವಾರ ಆ ಅಮ್ಮ ಫೋನ್ ಮಾಡಿದ್ದರು. "ಸರ್, ಸೌಟಿಗೆ ಮಾಡಿದ ಹಾಗೆ ಬಲ್ಬಿನ ಸರಕ್ಕೂ ಮಾಡಿಸಿಕೊಡಿ, ಅದು ತುಂಡಾಗಿ ಬರುತ್ತೆ, ಎಷ್ಟು ಉದ್ದ ಹೋಗಿತ್ತು ಅಂತ ಬರೆಯೋಕೆ ಜಾಗ ಇಲ್ಲ." ಈ ವರ್ಷದ ಪಟ್ಟಿಯ ಎರಡು ಲೈಬ್ರರಿ ಪ್ರಾಜೆಕ್ಟ್‌ಗಳಲ್ಲಿ ಒಂದನ್ನ ತೆಗೆದು ಆ ಟೀಮನ್ನ ಅವರ ಹತ್ತಿರ ಕಳಿಸುತ್ತಿದ್ದೇನೆ.