ಲಿಲ್‌ನಲ್ಲಿ ವಿಳಾಸದ ಗೋಳು
ಉತ್ತರ ಫ್ರಾನ್ಸಿನ ಲಿಲ್‌ಗೆ ಓದಲು ಬಂದವರನ್ನು ಅಲ್ಲಿನ ಜಿಟಿಜಿಟಿ ಮಳೆಗಿಂತ ಹೆಚ್ಚು ಕಾಡುವುದು ವಿಳಾಸದ ಪುರಾವೆ. ಮನೆ ಕೇಳಿದರೆ ಮಾಲೀಕರಿಗೆ ‘ರಿಬ್’, ಅಂದರೆ ಬ್ಯಾಂಕ್ ಖಾತೆಯ ವಿವರದ ಚೀಟಿ ಬೇಕು. ಖಾತೆ ಕೇಳಿದರೆ ಬ್ಯಾಂಕಿಗೆ ಮನೆ ವಿಳಾಸ ಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ!

ಪರಿಚಿತರ ಮನೆಯಲ್ಲಿದ್ದರೆ ವಿಳಾಸದ ಪುರಾವೆಯಾಗಿ ಅವರು ಸಹಿ ಹಾಕಿದ ಪತ್ರ, ಅವರ ಗುರುತಿನ ಚೀಟಿಯ ನಕಲು, ಜೊತೆಗೆ 3 ತಿಂಗಳೊಳಗಿನ ಕರೆಂಟ್ ಬಿಲ್ ಒಟ್ಟಿಗೇ ಕೊಡಬೇಕು. ಬಿಲ್ ಹಳೆಯದಾದರೆ ಮತ್ತೆ ಮೊದಲಿನಿಂದ ಅಲೆದಾಟ.

ಖಾತೆ ತೆರೆಯಲು ಆಗಲ್ಲವೆಂದು ಬ್ಯಾಂಕಿನವರು ಹೇಳಿದರೆ ಬಾಯಿಮಾತಿಗೆ ಒಪ್ಪಿ ಎದ್ದು ಬರಬೇಡಿ, ನಿರಾಕರಣೆಯ ಪತ್ರ ಕೇಳಿ. ಅದನ್ನಿಟ್ಟು ಅರ್ಜಿ ಹಾಕಿದರೆ ಫ್ರಾನ್ಸಿನ ಕೇಂದ್ರ ಬ್ಯಾಂಕಾದ ‘ಬಾಂಕ್ ದ ಫ್ರಾನ್ಸ್’ ನಿಮಗೆ ಖಾತೆ ತೆರೆಯಲು ಒಂದು ಬ್ಯಾಂಕನ್ನು ಗೊತ್ತುಮಾಡುತ್ತದೆ. ಇದನ್ನು ಕೌಂಟರಿನವರು ತಾವಾಗಿ ಹೇಳುವುದೇ ಅಪರೂಪ.

ಇಷ್ಟರಲ್ಲೇ ದೀರ್ಘಾವಧಿ ವೀಸಾವನ್ನು ಫ್ರಾನ್ಸಿಗೆ ಬಂದ 3 ತಿಂಗಳೊಳಗೆ ಆನ್‌ಲೈನಿನಲ್ಲಿ ದೃಢೀಕರಿಸಬೇಕು. ಅಲ್ಲೂ ಕೇಳುವುದು ವಿಳಾಸವನ್ನೇ!