ಗಾಳಿ 8 ಬಾರ್ ಇದೆ, ಬ್ರೇಕ್ ಎಲ್ಲಿ?

ಚೆನ್ನಾಗಿ ನಿಲ್ಲುತ್ತಿದ್ದ ಏರ್ ಬ್ರೇಕ್ ಟ್ರೇಲರನ್ನು ಲೈನರ್ (ಬ್ರೇಕ್ ಶೂ ಮೇಲೆ ಕೂತು ಡ್ರಮ್ಮಿಗೆ ಉಜ್ಜುವ ಪಟ್ಟಿ) ಹಾಕಿಸಲು, ಹಬ್ (ಚಕ್ರದ ನಡುಭಾಗ) ಗ್ರೀಸ್ ಮಾಡಿಸಲು ಗ್ಯಾರೇಜಿಗೆ ಬಿಟ್ಟರೆ ಹೊರಗೆ ಬರುವಾಗ ಅದಕ್ಕೆ ಬ್ರೇಕೇ ಇರುವುದಿಲ್ಲ. ಕೇಳಿದರೆ ಒಂದೇ ಉತ್ತರ: “ಹೊಸ ಲೈನರ್ ಅಲ್ವಾ, ಓಡ್ತಾ ಓಡ್ತಾ ಸೆಟ್ ಆಗುತ್ತೆ.” ಈ ಮಾತು ಕೇಳಿದರೆ ಮೈಯೆಲ್ಲ ಉರಿಯುತ್ತದೆ. ಹೊಸ ಲೈನರ್ ಡ್ರಮ್ಮಿಗೆ ಕೂರುವವರೆಗೆ ಹಿಡಿತ ಸ್ವಲ್ಪ ಕಡಿಮೆ ಇರುವುದು ನಿಜ. ಆದರೆ ಒಂದು ಚಕ್ರ ಹಿಡಿದು ಪಕ್ಕದ್ದು ಸುಮ್ಮನೆ ಉರುಳುವುದು, ಪೆಡಲ್ ಪೂರ್ತಿ ಒತ್ತಿದರೂ ಟ್ರೇಲರ್ ಹಿಂದಿನಿಂದ ಲಾರಿಯನ್ನು ತಳ್ಳಿಕೊಂಡು ಬರುವುದು, ಇವೆಲ್ಲ ಸೆಟ್ ಆಗುವ ವಿಷಯಗಳಲ್ಲ. ಜೋಡಿಸುವಾಗಲೇ ಆದ ತಪ್ಪುಗಳು.

ದೊಡ್ಡ ತಪ್ಪು ಪುಶ್ ರಾಡ್, ಅಂದರೆ ಗಾಳಿ ಚೇಂಬರಿನಿಂದ ಹೊರಗೆ ತಳ್ಳುವ ಸರಳು, ಎಷ್ಟು ಹೊರಬರುತ್ತದೆ ಎಂದು ಅಳೆಯದೇ ಇರುವುದು. ಶೂ ಕೂರಿಸಿ, ಡ್ರಮ್ ಏರಿಸಿ, ಗಾಳಿ ತುಂಬಿ, ಪೆಡಲ್ ಒತ್ತಿದಾಗ ‘ಫುಸ್’ ಅಂದರೆ ಸಾಕು, ಕೆಲಸ ಮುಗಿಯಿತು ಅನ್ನುತ್ತಾರೆ. ಗೇಜ್ 8 ಬಾರ್ ಗಾಳಿಯ ಒತ್ತಡ ತೋರಿಸಿದ ಮಾತ್ರಕ್ಕೆ ಚಕ್ರ ನಿಲ್ಲುತ್ತದೆಯೇ? ನಡುವೆ ಗಾಳಿ ತುಂಬುವ ಚೇಂಬರ್, ಅದು ತಳ್ಳುವ ರಾಡ್, ರಾಡಿನಿಂದ ತಿರುಗುವ ತೋಳು ಸ್ಲ್ಯಾಕ್ ಅಡ್ಜಸ್ಟರ್, ತಿರುಗಿ ಶೂಗಳನ್ನು ಡ್ರಮ್ಮಿಗೆ ಒತ್ತುವ ಎಸ್ ಕ್ಯಾಮ್ ಇಷ್ಟೂ ಇವೆಯಲ್ಲ!

ಅಳೆಯಲು ಬೇಕಾಗಿರುವುದು ಒಂದು ಸ್ಕೇಲು, ಒಂದು ಚೂರು ಸೀಮೆಸುಣ್ಣ. ಚಕ್ರಗಳಿಗೆ ಅಡ್ಡ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಟ್ಯಾಂಕಿನಲ್ಲಿ 6ರಿಂದ 7 ಬಾರ್ ಗಾಳಿ ಇಟ್ಟು ಎಂಜಿನ್ ಆಫ್ ಮಾಡಿ. ರಾಡ್ ಚೇಂಬರಿನಿಂದ ಹೊರಬರುವ ಜಾಗದಲ್ಲಿ ಅದರ ಮೇಲೆ ಗೀಟು ಎಳೆಯಿರಿ. ಒಬ್ಬರು ಪೆಡಲನ್ನು ಪೂರ್ತಿ ಒತ್ತಿ ಹಿಡಿದುಕೊಳ್ಳಲಿ. ಗೀಟು ಎಷ್ಟು ಮುಂದೆ ಬಂತೋ ಅದೇ ಸ್ಟ್ರೋಕ್. ಮಾಮೂಲಿ ಟೈಪ್ 30 ಚೇಂಬರಿಗೆ ಮಿತಿ 2 ಇಂಚು, ಅಂದರೆ ಸುಮಾರು 51 ಮಿ.ಮೀ. ಆ ಚೇಂಬರಿನ ಒಟ್ಟು ಓಟವೇ ಎರಡೂವರೆ ಇಂಚು. ರಾಡ್ ಕೊನೆ ಮುಟ್ಟುತ್ತಾ ಬಂದಂತೆ ತಳ್ಳುವ ಬಲ ಕುಸಿಯುತ್ತದೆ. ಇಳಿಜಾರಿನಲ್ಲಿ ಡ್ರಮ್ ಕಾದು ಹಿಗ್ಗಿತೆಂದರೆ ಶೂ ಇನ್ನೂ ದೂರ ಸರಿಯಬೇಕು, ರಾಡ್ ಇನ್ನೂ ಹೊರಗೆ ಬರಬೇಕು. ಬರಲು ಜಾಗವೇ ಉಳಿದಿರುವುದಿಲ್ಲ. ಗ್ಯಾರೇಜಿನ ಅಂಗಳದಲ್ಲಿ ಹಿಡಿದ ಬ್ರೇಕು ಇಳಿಜಾರಿನಲ್ಲಿ ಕೈಕೊಡುವುದು ಹೀಗೆ. ಆಮೇಲೆ “ಡ್ರೈವರ್ ಜಾಸ್ತಿ ಬ್ರೇಕ್ ಒತ್ತಿದ” ಅಂತ ಅವನ ತಲೆ ಮೇಲೇ ಗೂಬೆ ಕೂರಿಸುತ್ತಾರೆ.

ಕೈಯಲ್ಲಿ ಅಡ್ಜಸ್ಟ್ ಮಾಡುವ ಸ್ಲ್ಯಾಕ್ ಆದರೆ, ಬೋಲ್ಟಿನ ಸುತ್ತ ಇರುವ ಲಾಕ್ ಕಾಲರನ್ನು ಒಳಗೆ ಒತ್ತಿ, ಶೂ ಡ್ರಮ್ಮಿಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಕಾಲು ಸುತ್ತಿನಿಂದ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು. ಬಿಗಿಸುವಾಗ ಕ್ಯಾಮ್ ಯಾವ ಕಡೆ ತಿರುಗುತ್ತಿದೆ ನೋಡಿ. ಬ್ರೇಕ್ ಒತ್ತಿದಾಗ ತಿರುಗುವ ದಿಕ್ಕಿಗೇ ತಿರುಗಬೇಕು. ಕಾಲರ್ ವಾಪಸ್ ಮೇಲೆ ಬಂದು ಬೋಲ್ಟಿನ ತಲೆಯನ್ನು ಹಿಡಿದಿರಬೇಕು, ಇಲ್ಲದಿದ್ದರೆ ಓಡುತ್ತಾ ಓಡುತ್ತಾ ತಾನೇ ಸಡಿಲವಾಗುತ್ತದೆ.

“ಇದು ಆಟೋ ಸ್ಲ್ಯಾಕ್, ನಾವೇನೂ ಮಾಡಬೇಕಾಗಿಲ್ಲ” ಎನ್ನುವವರದು ಇನ್ನೊಂದು ಗೋಳು. ಹೊಸ ಲೈನರ್ ಹಾಕಿದಾಗ ಆಟೋ ಸ್ಲ್ಯಾಕನ್ನೂ ಮೊದಲ ಸಲ ಕೈಯಿಂದಲೇ ಸೆಟ್ ಮಾಡಬೇಕು. ಪಾಲ್ (ಹಿಂದಕ್ಕೆ ತಿರುಗದಂತೆ ಹಲ್ಲಿಗೆ ಸಿಕ್ಕುವ ಕೊಂಡಿ) ಇರುವ ನಮೂನೆಯಾದರೆ ಅದನ್ನು ಎತ್ತದೆ ಹಿಂದಕ್ಕೆ ತಿರುಗಿಸಿದರೆ ಒಳಗಿನ ಹಲ್ಲು ಹೋಗುತ್ತದೆ. ಇಂಪ್ಯಾಕ್ಟ್ ಗನ್ ಅಂತೂ ಹತ್ತಿರಕ್ಕೂ ತರಬಾರದು. ಸರಿಯಾಗಿ ಕೂರಿಸಿದ ಮೇಲೂ ಸ್ಟ್ರೋಕ್ ಮತ್ತೆ ಮತ್ತೆ ಜಾಸ್ತಿಯಾಗುತ್ತಿದ್ದರೆ ಕ್ಯಾಮಿನ ದಂಡ ಕೂರುವ ಬುಶ್, ರಾಡನ್ನು ಸ್ಲ್ಯಾಕಿಗೆ ಜೋಡಿಸುವ ಕ್ಲೆವಿಸಿನ ಪಿನ್ ಸವೆದಿವೆಯಾ ನೋಡಿ, ಕ್ಲೆವಿಸ್ ಕೂತಿರುವ ಕೋನ ನೋಡಿ. ಅದು ಬಿಟ್ಟು ವಾರಕ್ಕೊಮ್ಮೆ ಬಿಗಿಸಿ ಕಳಿಸಿದರೆ ರೋಗ ಮುಚ್ಚಿಟ್ಟ ಹಾಗೆ.

ಇನ್ನು ಗ್ರೀಸ್. ಹಬ್ಬಿಗೆ ತುಂಬಿದಷ್ಟೂ ಒಳ್ಳೆಯದು ಅಂತ ಯಾರು ಹೇಳಿಕೊಟ್ಟರೋ! ಸೀಲ್ ಸೊಟ್ಟಗೆ ಕೂತಿದ್ದರೆ, ಅದು ಕೂರುವ ಸ್ಪಿಂಡಲ್ (ಆಕ್ಸಲಿನ ತುದಿ) ಜಾಗದಲ್ಲಿ ಗೆರೆ ಬಿದ್ದಿದ್ದರೆ, ಹಬ್ ಕಾದ ಕೂಡಲೇ ಗ್ರೀಸ್ ಕರಗಿ ನೇರ ಲೈನರಿಗೆ. ಕ್ಯಾಮ್ ಬುಶ್ಶಿನದೂ ಇದೇ ಕತೆ. ಅಲ್ಲಿನ ಎರಡೂ ಸೀಲುಗಳ ತುಟಿ ಸ್ಲ್ಯಾಕ್ ಅಡ್ಜಸ್ಟರ್ ಕಡೆಗಿರಬೇಕು, ಆಗ ಹೆಚ್ಚಾದ ಗ್ರೀಸ್ ಆ ಕಡೆಯಿಂದ ಹೊರಬರುತ್ತದೆ. ಉಲ್ಟಾ ಹಾಕಿದರೆ ಡ್ರಮ್ಮಿನೊಳಗೇ ಹೋಗುತ್ತದೆ. ಗ್ರೀಸ್ ಕುಡಿದ ಲೈನರ್ ಕಪ್ಪಗೆ ಮಿರಮಿರ ಮಿಂಚುತ್ತದೆ, ರಿವೆಟ್ ತೂತುಗಳ ಸುತ್ತ ಜಿಡ್ಡು ಕಟ್ಟಿರುತ್ತದೆ. ಅದನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಯಲ್ಲಿ ಸುಟ್ಟು, ಉಜ್ಜಿ ಮತ್ತೆ ಹಾಕುವುದು ಮೋಸ. ಮೇಲೆ ಒಣಗಿದಂತೆ ಕಂಡರೂ ಕಾದಾಗ ಒಳಗಿನ ಎಣ್ಣೆ ಮತ್ತೆ ಜಿನುಗುತ್ತದೆ. ಸೀಲ್ ಬದಲಿಸಿ, ಡ್ರಮ್ ತೊಳೆದು, ಆ ಆಕ್ಸಲಿನ ಎರಡೂ ಕಡೆಯ ಲೈನರನ್ನು ಒಂದೇ ದರ್ಜೆಯದ್ದು ಹಾಕಬೇಕು. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗಲೆಲ್ಲ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಒಂದೇ ಆಕ್ಸಲಿಗೆ ಎಡಕ್ಕೆ ಟೈಪ್ 24, ಬಲಕ್ಕೆ ಟೈಪ್ 30 ಚೇಂಬರ್ ಹಾಕಿ ಕಳಿಸುವವರೂ ಇದ್ದಾರೆ. ಆ ಸಂಖ್ಯೆ ಎಂದರೆ ಚೇಂಬರಿನಲ್ಲಿ ಗಾಳಿ ತಳ್ಳುವ ಪೊರೆಯ ವಿಸ್ತೀರ್ಣ, ಚದರ ಇಂಚಿನಲ್ಲಿ. ಅದೇ ಗಾಳಿಗೆ ಬಲಗಡೆ ಕಾಲು ಭಾಗ ಹೆಚ್ಚು ತಳ್ಳುತ್ತದೆ. ಸ್ಟಾಕಿನಲ್ಲಿ ಅದೇ ಇತ್ತು ಎನ್ನುವುದು ಒಂದು ಕಾರಣವೇ?

ಕೆಲಸಕ್ಕೆಂದು ಸ್ಪ್ರಿಂಗ್ ಬ್ರೇಕನ್ನು (ಗಾಳಿ ಇಲ್ಲದಾಗ ಸ್ಪ್ರಿಂಗ್ ಬಲದಿಂದ ಹಿಡಿಯುವುದು) ಕೇಜಿಂಗ್ ಬೋಲ್ಟಿನಿಂದ, ಅಂದರೆ ಆ ಸ್ಪ್ರಿಂಗನ್ನು ಅದುಮಿ ಹಿಡಿಯುವ ಬೋಲ್ಟಿನಿಂದ, ಎಳೆದು ಕಟ್ಟಿ, ಬಿಚ್ಚುವುದನ್ನೇ ಮರೆಯುತ್ತಾರೆ. ಚೇಂಬರಿನ ಹಿಂಬದಿಯಲ್ಲಿ ಬೋಲ್ಟ್ ಉದ್ದಕ್ಕೆ ಚಾಚಿಕೊಂಡಿದ್ದರೆ ಆ ಚಕ್ರಕ್ಕೆ ಪಾರ್ಕಿಂಗ್ ಬ್ರೇಕೂ ಇಲ್ಲ, ಗಾಳಿ ಹೋದಾಗ ಹಿಡಿಯುವ ಬ್ರೇಕೂ ಇಲ್ಲ. ಆ ಬೋಲ್ಟ್ ಚೇಂಬರಿನ ಪಕ್ಕದ ತನ್ನ ಗೂಡಿನಲ್ಲಿರಬೇಕು, ತೂತಿಗೆ ಮುಚ್ಚಳ ಬಿದ್ದಿರಬೇಕು. ಬಗ್ಗಿ ನೋಡಿದರೆ ಕಾಣುವ ವಸ್ತು ಇದು! ಲಾರಿಯಿಂದ ಟ್ರೇಲರಿಗೆ ಗಾಳಿ ಬರುವ ಮುಂದಿನ ಕಪ್ಲಿಂಗುಗಳನ್ನೂ ನೋಡಿ: ಕೆಂಪು ಎಮರ್ಜೆನ್ಸಿ (ಟ್ಯಾಂಕ್ ತುಂಬುವುದು), ಹಳದಿ ಅಥವಾ ನೀಲಿ ಸರ್ವಿಸ್ (ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಸುವುದು). ಅದಲುಬದಲಾದರೆ ಸ್ಪ್ರಿಂಗ್ ಬ್ರೇಕ್ ಇರುವ ಟ್ರೇಲರ್ ಅಲುಗುವುದೇ ಇಲ್ಲ, ತಪ್ಪು ಗೊತ್ತಾಗುತ್ತದೆ. ಸ್ಪ್ರಿಂಗ್ ಬ್ರೇಕ್ ಇಲ್ಲದ ಹಳೆಯ ಟ್ರೇಲರ್, ಟ್ಯಾಂಕೂ ಖಾಲಿಯಿದ್ದರೆ, ಬ್ರೇಕೇ ಇಲ್ಲದೆ ಹಿಂದೆ ಬರುತ್ತದೆ.

ಗಾಡಿ ಕೊಡುವ ಮೊದಲು ನಿಧಾನವಾಗಿ ಓಡಿಸಿ ಹತ್ತಾರು ಸಲ ನಿಲ್ಲಿಸಿ, ಇಳಿದು ಪ್ರತಿ ಡ್ರಮ್ಮಿಗೂ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಒಂದು ಮಾತ್ರ ತಣ್ಣಗಿದ್ದರೆ ಅದು ಹಿಡಿಯುತ್ತಿಲ್ಲ, ಒಂದು ಮಾತ್ರ ಸುಡುತ್ತಿದ್ದರೆ ಅದು ಬಿಡುತ್ತಿಲ್ಲ. ಮಾಲೀಕರೇ, ಬಿಲ್ಲಿನಲ್ಲಿ ‘ಬ್ರೇಕ್ ಕೆಲಸ’ ಅಂತ ಒಂದು ಸಾಲು ನೋಡಿ ದುಡ್ಡು ಎಣಿಸಬೇಡಿ. ಪ್ರತಿ ಚಕ್ರದ ಸ್ಟ್ರೋಕ್ ಎಷ್ಟು ಅಂತ ಬರೆಸಿಕೊಳ್ಳಿ. ಮೂರು ಆಕ್ಸಲ್ ಇದ್ದರೆ ಆರು ಅಂಕಿ. ಆ ಆರು ಅಂಕಿ ಬರೆದುಕೊಡುವವರೆಗೆ ಟ್ರೇಲರ್ ಅಲ್ಲೇ ನಿಂತಿರಲಿ.